ಗೋಡೆಯಿಂದ ಅಂಗಿಗೆ ಇಳಿದ ರಾಕ್ ಚಿತ್ರಗಳು

ರಾಕ್ ಸಂಗೀತದ ಪೋಸ್ಟರಿಗೆ ಎರಡು ಕೆಲಸ. ಯಾವ ತಂಡ, ಯಾವ ದಿನ, ಯಾವ ಜಾಗ, ಟಿಕೆಟ್ಟಿಗೆ ಎಷ್ಟು ಎಂದು ತಿಳಿಸುವುದು ಒಂದು. ಆ ರಾತ್ರಿ ಕಿವಿಗೆ ಬೀಳಲಿರುವ ಸದ್ದು ಎಂಥದ್ದೆಂದು ಕಣ್ಣಿಗೆ ಮೊದಲೇ ತೋರಿಸುವುದು ಇನ್ನೊಂದು. ಕಾರ್ಯಕ್ರಮ ಮುಗಿದ ಮೇಲೆ ಮೊದಲನೆಯದಕ್ಕೆ ಬೆಲೆಯಿಲ್ಲ. ಎರಡನೆಯದು ಉಳಿಯುತ್ತದೆ. ಕೇಳುಗರು ಪೋಸ್ಟರನ್ನು ಗೋಡೆಯಿಂದ ಬಿಡಿಸಿ ಮನೆಗೆ ಒಯ್ಯುವುದೂ, ಅದೇ ಚಿತ್ರವನ್ನು ಎದೆಯ ಮೇಲೆ ಧರಿಸಲು ಬಯಸುವುದೂ ಇದರಿಂದಲೇ. ಹೀಗೆ ಕಾಗದಕ್ಕೆ ಬರೆಯುತ್ತಿದ್ದ ಕಲಾವಿದರು ಬಟ್ಟೆಗೆ ಬರೆಯುವವರಾದರು. ಮುಂಬಯಿಯಲ್ಲಿ ಈ ಬದಲಾವಣೆಯ ಮುಖ್ಯ ಘಟ್ಟಗಳು ಕಾಣುವುದು ಪರೇಲ್ ಮತ್ತು ಅದಕ್ಕೆ ಅಂಟಿಕೊಂಡ ಲೋವರ್ ಪರೇಲ್‌ನಲ್ಲಿ, ಒಂದು ಕಾಲಕ್ಕೆ ದೇಶಕ್ಕೆಲ್ಲ ಬಟ್ಟೆ ನೇಯ್ದ ಗಿರಣಿಗಳ ಆವರಣದೊಳಗೆ.

ರಾಕ್ ಪೋಸ್ಟರ್ ಒಂದು ಪ್ರತ್ಯೇಕ ಕಲೆಯಾಗಿ ರೂಪುಗೊಂಡದ್ದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, 1966ರ ಸುಮಾರಿಗೆ. ಅಲ್ಲಿನ ಫಿಲ್‌ಮೋರ್ ಮತ್ತು ಅವಲಾನ್ ಸಭಾಂಗಣಗಳ ಕಾರ್ಯಕ್ರಮಗಳಿಗೆ ವೆಸ್ ವಿಲ್ಸನ್, ವಿಕ್ಟರ್ ಮೊಸ್ಕೊಸೊ, ರಿಕ್ ಗ್ರಿಫಿನ್, ಆಲ್ಟನ್ ಕೆಲ್ಲಿ, ಸ್ಟ್ಯಾನ್ಲಿ ಮೌಸ್ ಮುಂತಾದವರು ಚಿತ್ರ ಬರೆದರು. ಅಕ್ಷರಗಳನ್ನು ಕರಗಿ ಹರಿಯುವಂತೆ ಬರೆಯುವುದು, ಎದುರುಬದುರು ಬಣ್ಣಗಳನ್ನು ಒಂದಕ್ಕೊಂದು ತಾಗಿಸಿ ಕಣ್ಣು ಕುಕ್ಕಿಸುವುದು ಅವರ ರೀತಿ. ಓದಲು ಕಷ್ಟವಾದರೆ ಜನ ನಿಂತು ನೋಡುತ್ತಾರೆ ಎಂಬುದು ಲೆಕ್ಕಾಚಾರ. ಇವರಲ್ಲಿ ಸ್ಟ್ಯಾನ್ಲಿ ಮೌಸ್ ಅವರ ಹಿನ್ನೆಲೆ ವಿಶೇಷವಾಗಿ ಗಮನಿಸಬೇಕಾದದ್ದು. ಡೆಟ್ರಾಯಿಟ್‌ನಿಂದ ಬಂದ ಅವರು ಪೋಸ್ಟರಿಗೆ ಕೈ ಹಾಕುವ ಮೊದಲು ಕಾರು ಪ್ರದರ್ಶನಗಳಲ್ಲಿ ಕುಳಿತು ಟಿ-ಶರ್ಟುಗಳ ಮೇಲೆ ಏರ್‌ಬ್ರಷ್‌ನಿಂದ ಭೂತಾಕಾರದ ಚಿತ್ರಗಳನ್ನು ಬರೆದು ಮಾರುತ್ತಿದ್ದರು. ಅಂದರೆ ಈ ಪರಂಪರೆಯ ಹಿರಿಯರಲ್ಲಿ ಒಬ್ಬರ ಮಟ್ಟಿಗೆ ಅಂಗಿಯೇ ಮೊದಲು, ಗೋಡೆ ಆಮೇಲೆ. ಪೋಸ್ಟರ್ ಕಲಾವಿದರು ಬಟ್ಟೆಗೆ ಹೋದದ್ದನ್ನು ವ್ಯಾಪಾರಕ್ಕೆ ಸೋತ ಕಲೆ ಎಂದು ಬಗೆಯುವವರು ಈ ಸಂಗತಿಯನ್ನು ನೆನಪಿಡಬೇಕು.

ಮೌಸ್ ಮತ್ತು ಕೆಲ್ಲಿ 1966ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡಕ್ಕೆ ಮಾಡಿದ ಪೋಸ್ಟರಿನಲ್ಲಿ ಗುಲಾಬಿ ಮುಡಿದ ಅಸ್ಥಿಪಂಜರವಿದೆ. ಅದು ಅವರ ಸ್ವಂತ ಕಲ್ಪನೆಯಲ್ಲ. ಉಮರ್ ಖಯ್ಯಾಮನ ರುಬಾಯತ್‌ಗೆ ಎಡ್ಮಂಡ್ ಸಲಿವನ್ ಬರೆದಿದ್ದ ಚಿತ್ರವನ್ನು ಗ್ರಂಥಾಲಯದಲ್ಲಿ ಕಂಡು ಎತ್ತಿಕೊಂಡದ್ದು. ಹಳೆಯ ಪುಸ್ತಕದ ಕಪ್ಪುಬಿಳುಪು ಚಿತ್ರ ಪೋಸ್ಟರಾಗಿ, ಆಲ್ಬಮ್ಮಿನ ಹೊದಿಕೆಯಾಗಿ, ಕೊನೆಗೆ ಲೆಕ್ಕವಿಲ್ಲದಷ್ಟು ಟಿ-ಶರ್ಟುಗಳಾಗಿ ಜಗತ್ತು ಸುತ್ತಿತು. ರೋಲಿಂಗ್ ಸ್ಟೋನ್ಸ್ ತಂಡದ ಚಾಚಿದ ನಾಲಗೆಯ ಚಿಹ್ನೆ ಭಾರತಕ್ಕೆ ಇನ್ನೂ ಹತ್ತಿರದ್ದು. 1970ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ವಿದ್ಯಾರ್ಥಿ ಜಾನ್ ಪಾಶ್ ಅದನ್ನು ಬರೆದರು. ಆಗ ಸಿಕ್ಕ ಸಂಭಾವನೆ 50 ಪೌಂಡು. ಗಾಯಕ ಮಿಕ್ ಜಾಗರ್ ಮಾದರಿಯಾಗಿ ಅವರ ಮುಂದಿಟ್ಟದ್ದು ಕಾಳಿಯ ಚಿತ್ರವನ್ನು. ಪಾಶ್ ಬರೆದ ಮೂಲ ಚಿತ್ರವನ್ನು 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಸುಮಾರು 51 ಸಾವಿರ ಪೌಂಡು ಕೊಟ್ಟು ಕೊಂಡಿತು. ಹೀಗೆ ನಮ್ಮ ದೇವಿಯ ನಾಲಗೆ ಲಂಡನ್ನಿಗೆ ಹೋಗಿ, ಅಂಗಿಯ ಮೇಲೆ ಅಚ್ಚಾಗಿ ಮುಂಬಯಿಯ ಫ್ಯಾಷನ್ ಸ್ಟ್ರೀಟಿನ ಸಾಲಂಗಡಿಗಳಿಗೆ ಮರಳಿ ಬಂತು.

ಲಂಡನ್ನಿನ ಕಿಂಗ್ಸ್ ರೋಡ್‌ನ 430ನೇ ನಂಬರಿನ ಅಂಗಡಿಯಲ್ಲಿ ವಿವಿಯನ್ ವೆಸ್ಟ್‌ವುಡ್ ಮತ್ತು ಮಾಲ್ಕಮ್ ಮೆಕ್ಲಾರೆನ್ 1970ರ ದಶಕದಲ್ಲಿ ಮಾಡಿದ್ದು ಮುಂದಿನ ಹೆಜ್ಜೆ. ಅಲ್ಲಿ ಟಿ-ಶರ್ಟು ಅಭಿಮಾನಿ ಕೊಂಡೊಯ್ಯುವ ನೆನಪಿನ ಕಾಣಿಕೆಯಾಗಿ ಉಳಿಯದೆ ಫ್ಯಾಷನ್ ಉಡುಪೇ ಆಯಿತು. ಹರಿದ ಅಂಚು, ಹೊರಗೆ ಕಾಣುವ ಹೊಲಿಗೆ, ಪತ್ರಿಕೆಯಿಂದ ಕತ್ತರಿಸಿದಂತಿರುವ ಅಕ್ಷರ ಎಲ್ಲವೂ ಉಡುಪಿನ ವಿನ್ಯಾಸದ ಭಾಗವಾದವು. ಹೆವಿ ಮೆಟಲ್ ಸಂಗೀತಕ್ಕೆ ಬಂದರೆ, ಐರನ್ ಮೇಡನ್ ತಂಡಕ್ಕೆ ಡೆರೆಕ್ ರಿಗ್ಸ್ ಬರೆದ ಎಡ್ಡಿ ಎಂಬ ಪ್ರೇತಮುಖ 1980ರ ಮೊದಲ ಆಲ್ಬಮ್ಮಿನಿಂದ ಇಂದಿನವರೆಗೆ ಆ ತಂಡದ ಅಂಗಿಗಳ ಮೇಲೆ ನೆಲೆನಿಂತಿದೆ.

ಮುಂಬಯಿಗೆ ಚಿತ್ರ ಮತ್ತು ಬಟ್ಟೆಯ ನಂಟು ಹೊಸದಲ್ಲ. ನಗರದ ಮೊದಲ ಹತ್ತಿ ಗಿರಣಿಯ ಕಂಪನಿಯನ್ನು ಕಾವಸ್ಜಿ ದಾವರ್ 1854ರಲ್ಲಿ ಕಟ್ಟಿದರು. ಬಟ್ಟೆಯ ಥಾನುಗಳ ಮೇಲೆ ಬಣ್ಣದ ಚೀಟಿ ಅಂಟಿಸುವ ರೂಢಿ ಆ ಕಾಲದ್ದು. ದೇವದೇವತೆಯರು, ರಾಜರು, ಹುಲಿ, ನರ್ತಕಿಯರು ಇರುತ್ತಿದ್ದ ಈ ಚೀಟಿ ಅಕ್ಷರ ಬಾರದ ಗಿರಾಕಿಗೂ ಯಾವ ಗಿರಣಿಯ ಮಾಲು ಎಂದು ಹೇಳುತ್ತಿತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಅಂಥ ಚಿತ್ರಗಳ ಹೊಳೆಯೇ ಹರಿಯಿತು. ಸಿನಿಮಾ ಪೋಸ್ಟರು ಬಂದಾಗ ಕನ್ನಡನಾಡಿನ ಕೈಯೂ ಅದರಲ್ಲಿ ಸೇರಿತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯ ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಶೋಕಾರ್ಡು ಬರೆದರು, ಫಿಲ್ಮಿಂಡಿಯಾ ಪತ್ರಿಕೆಗೆ ಮುಖಪುಟ ಬರೆದರು, ಆಮೇಲೆ ದೇವರ ಕ್ಯಾಲೆಂಡರುಗಳಿಂದ ಮನೆಮನೆಯ ಗೋಡೆ ಸೇರಿದರು. ಅವರು ತೀರಿಕೊಂಡದ್ದು 1993ರಲ್ಲಿ. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರಿದೆ. ಒಂದೇ ಕೈ ಸಿನಿಮಾಕ್ಕೂ ದೇವರಿಗೂ ಜಾಹೀರಾತಿಗೂ ದುಡಿಯಬಲ್ಲದು, ಆದರೂ ನೋಡಿದ ಕೂಡಲೇ ಯಾರ ಕೈ ಎಂದು ಗೊತ್ತಾಗುವಂತಿರಬಲ್ಲದು ಎಂಬುದಕ್ಕೆ ಪಂಡಿತರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂದಿನ ರಾಕ್ ಪೋಸ್ಟರಿನವರು ತಿಳಿದೋ ತಿಳಿಯದೆಯೋ ಈ ವಂಶದವರೇ.

ಪರೇಲ್‌ನ ಗಿರಣಿಗಳು ನಿಂತುಹೋದ ಬಗೆ ಎಲ್ಲರಿಗೂ ತಿಳಿದದ್ದೇ. ದತ್ತಾ ಸಾಮಂತರ ನೇತೃತ್ವದಲ್ಲಿ 1982ರ ಜನವರಿ 18ರಂದು ಶುರುವಾದ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಇಳಿದರು. ಅನೇಕ ಗಿರಣಿಗಳು ಮತ್ತೆ ಸರಿಯಾಗಿ ತೆರೆಯಲೇ ಇಲ್ಲ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿ ಜಮೀನಿನ ಮರುಬಳಕೆಗೆ ದಾರಿ ತೆರೆದವು. ಫೀನಿಕ್ಸ್ ಮಿಲ್ಲು ಮಾಲ್ ಆಯಿತು. ಕಮಲಾ ಮಿಲ್ಸ್ ಕಚೇರಿ, ಹೋಟೆಲು, ಬಾರುಗಳ ಆವರಣವಾಯಿತು. ದುಡಿದವರ ಪಾಲಿಗೆ ಇದು ದೊಡ್ಡ ನಷ್ಟ, ಅದನ್ನು ಯಾವ ಸಂಗೀತವೂ ತುಂಬಿಕೊಟ್ಟಿಲ್ಲ. ಸಂಗೀತದವರ ಪಾಲಿಗೆ ಮಾತ್ರ ಎತ್ತರದ ಸೂರಿನ, ದಪ್ಪ ಗೋಡೆಯ ಶೆಡ್ಡುಗಳು ನಗರದ ನಟ್ಟನಡುವೆ ಖಾಲಿಯಾಗಿ ಸಿಕ್ಕವು.

ಅವರಿಗೆ ಅಂಥ ಜಾಗ ಬೇಕಾಗಿತ್ತು. ಮುಂಬಯಿಯ ರಾಕ್‌ಗೆ ಬಹುಕಾಲ ಮನೆಯಾಗಿದ್ದದ್ದು ಧೋಬಿ ತಲಾವ್ ಬಳಿಯ ರಂಗಭವನ ಎಂಬ ಬಯಲು ರಂಗಮಂದಿರ. 1986ರಲ್ಲಿ ಆರಂಭವಾದ ಇಂಡಿಪೆಂಡೆನ್ಸ್ ರಾಕ್ ಉತ್ಸವಕ್ಕೆ ಕಪ್ಪು ಟಿ-ಶರ್ಟಿನ ಹುಡುಗರು ಅಲ್ಲಿ ಕಿಕ್ಕಿರಿಯುತ್ತಿದ್ದರು. ರಾಕ್ ಮಷೀನ್, ಅಂದರೆ ಆಮೇಲೆ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡ ತಂಡ, ಆ ಕಾಲದ ತಾರೆ. 1993ರಲ್ಲಿ ಅಮಿತ್ ಸೈಗಲ್ ಅಲಹಾಬಾದಿನಿಂದ ರಾಕ್ ಸ್ಟ್ರೀಟ್ ಜರ್ನಲ್ ಹೊರತಂದ ಮೇಲೆ ದೇಶದ ಚದುರಿದ ತಂಡಗಳಿಗೂ ಅವುಗಳ ಚಿತ್ರಕಾರರಿಗೂ ಒಂದು ವಿಳಾಸ ಸಿಕ್ಕಿತು. 2000ರ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಮಾಡಿದವು. ಆಸ್ಪತ್ರೆ, ಕಾಲೇಜುಗಳ ನಡುವಿದ್ದ ರಂಗಭವನದ ಸದ್ದು ಅದೇ ದಶಕದ ಆರಂಭದಲ್ಲಿ ಅಡಗಿತು. ರಾಕ್ ಸೂರಿನಡಿ ಬರಲೇಬೇಕಾಯಿತು.

2006ರಲ್ಲಿ ವರ್ಲಿಯ ಬಾಂಬೆ ಡೈಯಿಂಗ್ ಮಿಲ್ಲಿನ ಆವರಣದಲ್ಲಿ ಹಾರ್ಡ್ ರಾಕ್ ಕೆಫೆ ತೆರೆಯಿತು. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಸಂಸ್ಥೆಗೆ ಊಟದಷ್ಟೇ ಹೆಸರು ತಂದದ್ದು ಅದರ ಟಿ-ಶರ್ಟು; ಸ್ಥಳೀಯ ಫುಟ್‌ಬಾಲ್ ತಂಡವೊಂದಕ್ಕೆ ಮಾಡಿಸಿ ಉಳಿದ ಅಂಗಿಗಳನ್ನು ಗಿರಾಕಿಗಳಿಗೆ ಕೊಟ್ಟದ್ದರಿಂದ ಆ ವ್ಯಾಪಾರ ಶುರುವಾಯಿತು. 2007ರ ಕೊನೆಗೆ ಲೋವರ್ ಪರೇಲ್‌ನ ಎನ್.ಎಂ. ಜೋಶಿ ಮಾರ್ಗದ ಮಥುರಾದಾಸ್ ಮಿಲ್ಸ್ ಆವರಣದಲ್ಲಿ ಬ್ಲೂ ಫ್ರಾಗ್ ಬಂತು. ವೇದಿಕೆಯತ್ತ ಇಳಿಯುವ ದುಂಡನೆಯ ಆಸನಗಳು, ಒಳ್ಳೆಯ ಧ್ವನಿವ್ಯವಸ್ಥೆ, ವಾರದ ಬಹುತೇಕ ರಾತ್ರಿ ಸ್ವಂತ ಹಾಡು ಕಟ್ಟುವ ತಂಡಗಳು. 2016ರಲ್ಲಿ ಅದು ಮುಚ್ಚಿತು. ಅದೇ ಆವರಣಕ್ಕೆ ಆಂಟಿಸೋಷಿಯಲ್ ಎಂಬ ಕ್ಲಬ್ ಬಂದು ಆ ಕೆಲಸವನ್ನು ಮುಂದುವರಿಸಿತು. ವರ್ಷಕ್ಕೊಂದು ಉತ್ಸವ ಇದ್ದಾಗ ವರ್ಷಕ್ಕೊಂದು ಪೋಸ್ಟರ್ ಸಾಕಾಗಿತ್ತು. ವಾರಕ್ಕೆ ಹಲವು ಕಾರ್ಯಕ್ರಮ ಎಂದಾದಾಗ ವಾರಕ್ಕೆ ಹಲವು ಪೋಸ್ಟರು ಬೇಕಾದವು. ಪೋಸ್ಟರ್ ಕಲಾವಿದ ಎಂಬ ಕಸುಬಿಗೆ ನೆಲೆ ಸಿಕ್ಕಿದ್ದು ಹೀಗೆ.

ಆದರೆ ಸಣ್ಣ ತಂಡಗಳು ಪೋಸ್ಟರಿಗೆ ಕೊಡುವ ಹಣ ಅಷ್ಟಕ್ಕಷ್ಟೆ. ಬಾಗಿಲಲ್ಲಿ ಬಂದ ಟಿಕೆಟ್ ದುಡ್ಡು ಬಾಡಿಗೆ, ಪ್ರಯಾಣಗಳಲ್ಲೇ ಕರಗುತ್ತದೆ. ಹಾಡಿನ ಮಾರಾಟದಿಂದ ಬರುವುದು ಇನ್ನೂ ಕಡಿಮೆ. ವೇದಿಕೆಯ ಪಕ್ಕದ ಮೇಜಿನ ಮೇಲೆ ಮಾರುವ ಅಂಗಿಯೇ ತಂಡಕ್ಕೂ ಚಿತ್ರಕಾರರಿಗೂ ಕೈಗೆ ನಗದು ತರುವ ವಸ್ತು. ಭಯಾನಕ್ ಮೌತ್, ಸ್ಕ್ರೈಬ್, ಡೆಮಾನಿಕ್ ರೆಸರೆಕ್ಷನ್‌ನಂಥ ಮುಂಬಯಿ ತಂಡಗಳ ಕೇಳುಗರು ಪರಸ್ಪರ ಗುರುತು ಹಿಡಿಯುತ್ತಿದ್ದದ್ದೂ ಅಂಗಿಯಿಂದಲೇ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಕಪ್ಪು ಅಂಗಿಯ ಆ ಸಮುದ್ರದಲ್ಲಿ ಮುಂಬಯಿಯಿಂದ ರೈಲು ಹತ್ತಿ ಬಂದವರೂ ಇದ್ದರು.

ಪೋಸ್ಟರಿನ ಚಿತ್ರವನ್ನು ಹಾಗೇ ಅಂಗಿಗೆ ಒತ್ತಿದರೆ ಕೆಲಸ ಕೆಡುತ್ತದೆ. ಎರಡಕ್ಕೂ ಒಗ್ಗುವ ಮುದ್ರಣದ ವಿಧಾನ ಒಂದಿದೆ, ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಸಣ್ಣ ಬಲೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಬಳಿಯುತ್ತಾರೆ. ಚಿತ್ರದ ಫಿಲ್ಮನ್ನು ಮೇಲಿಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ತಾಗದ ಭಾಗ ನೀರಿಗೆ ತೊಳೆದು ಹೋಗಿ ರಂಧ್ರಗಳು ತೆರೆಯುತ್ತವೆ. ರಬ್ಬರ್ ಪಟ್ಟಿಯ ಸ್ಕ್ವೀಜಿಯಿಂದ ಶಾಯಿಯನ್ನು ಎಳೆದಾಗ ಆ ರಂಧ್ರಗಳ ಮೂಲಕ ಚಿತ್ರ ಕೆಳಗೆ ಇಳಿಯುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಚೌಕಟ್ಟು. ಕಾಗದ ಗಟ್ಟಿ, ಚಪ್ಪಟೆ, ಬಟ್ಟೆ ಹಾಗಲ್ಲ. ಟಿ-ಶರ್ಟಿನದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು. ಎಳೆದರೆ ಹಿಗ್ಗುತ್ತದೆ, ಶಾಯಿ ಕುಡಿಯುತ್ತದೆ. ಹಾಗಾಗಿ ಬಟ್ಟೆಗೆ ಕಾಗದದ್ದಕ್ಕಿಂತ ಒರಟಾದ, ಹೆಚ್ಚು ಶಾಯಿ ಬಿಡುವ ಬಲೆ ಬೇಕು. ಒರಟು ಬಲೆಯಲ್ಲಿ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಪೋಸ್ಟರಿನಲ್ಲಿ ಕೂದಲೆಳೆಯಂತೆ ಬರೆದ ನೆರಳುಗೆರೆಗಳನ್ನು ಕಲಾವಿದರು ಬಟ್ಟೆಗಾಗಿ ದಪ್ಪ ಮಾಡಿ, ನಡುವಿನ ಜಾಗ ಅಗಲಿಸಿ ಮತ್ತೆ ಬರೆಯಬೇಕಾಗುತ್ತದೆ.

ಕಪ್ಪು ಅಂಗಿ ಇನ್ನೊಂದು ಸವಾಲು, ರಾಕ್‌ಗಾದರೋ ಕಪ್ಪೇ ಬೇಕು. ಬಿಳಿ ಕಾಗದದ ಮೇಲೆ ಬೆಳಕು ತಾನಾಗಿಯೇ ಇರುತ್ತದೆ. ಕಪ್ಪಿನ ಮೇಲೆ ಅದನ್ನು ತರಬೇಕು. ಮೊದಲು ಬಿಳಿ ಶಾಯಿಯ ತಳಪದರ ಒತ್ತಿ, ಅರೆ ಒಣಗಿಸಿ, ಅದರ ಮೇಲೆ ಬಣ್ಣ ಇಡುತ್ತಾರೆ. ಜಾಣ ಕಲಾವಿದರು ಚಿತ್ರದ ಕಪ್ಪು ಭಾಗಕ್ಕೆ ಶಾಯಿಯನ್ನೇ ಹಾಕುವುದಿಲ್ಲ, ಬಟ್ಟೆಯ ಬಣ್ಣವನ್ನೇ ಹಾಗೆ ಬಿಡುತ್ತಾರೆ. ಅದರಿಂದ ಅಂಗಿ ಹಗುರ, ಗಾಳಿಯೂ ಆಡುತ್ತದೆ. ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಸೋಲ್ ಶಾಯಿ ಗಾಳಿಗೆ ಒಣಗದು. ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗಲೇ ಪಕ್ವವಾಗುತ್ತದೆ. ಬಿಸಿ ಸಾಲದಿದ್ದರೆ ಕೆಲವು ಒಗೆತಕ್ಕೇ ಬಿರುಕು ಬಿಡುತ್ತದೆ. ನೀರಿನ ಶಾಯಿ ಮೆದು, ನೂಲಿನೊಳಗೆ ಇಳಿಯುತ್ತದೆ, ಆದರೆ ಕಪ್ಪಿನ ಮೇಲೆ ಮಂಕು. ಡಿಸ್ಚಾರ್ಜ್ ಮುದ್ರಣದಲ್ಲಿ ರಾಸಾಯನಿಕವು ಬಟ್ಟೆಯ ಬಣ್ಣವನ್ನೇ ತೆಗೆದುಹಾಕುವುದರಿಂದ ಹಳೆಯ ಅಂಗಿಯ ಮಾಸಲು ಚಂದ ಬರುತ್ತದೆ. ಈಚೆಗೆ ಕಂಪ್ಯೂಟರಿನಿಂದ ನೇರವಾಗಿ ಬಟ್ಟೆಗೋ ಫಿಲ್ಮಿಗೋ ಮುದ್ರಿಸುವ ಡಿಟಿಜಿ, ಡಿಟಿಎಫ್ ಯಂತ್ರಗಳು ಬಂದು ಒಂದೇ ಒಂದು ಅಂಗಿಯನ್ನೂ ಮಾಡಿಸಬಹುದಾಗಿದೆ. ಕೈಮುದ್ರಣದ ಬಣ್ಣದ ತುಂಬುತನ ಅವುಗಳಲ್ಲಿ ಇನ್ನೂ ಬಂದಿಲ್ಲ.

ಇಂಥ ಕೆಲಸಕ್ಕೆ ಬೇಕಾದ ಕೈಗಳು ಪರೇಲ್‌ನಲ್ಲಿ ಹತ್ತಿರದಲ್ಲೇ ಇವೆ. ಸನ್ ಮಿಲ್ ಕಾಂಪೌಂಡ್, ಶಾ ಅಂಡ್ ನಾಹರ್ ಇಂಡಸ್ಟ್ರಿಯಲ್ ಎಸ್ಟೇಟ್‌ನಂಥ ಕಡೆ, ಮುಂಬಯಿಯವರು ಗಾಲಾ ಎಂದು ಕರೆಯುವ ಸಣ್ಣ ಮಳಿಗೆಗಳಲ್ಲಿ ಮುದ್ರಕರೂ ಹೊಲಿಗೆಯವರೂ ವಿನ್ಯಾಸಕಾರರೂ ಅಕ್ಕಪಕ್ಕದಲ್ಲೇ ದುಡಿಯುತ್ತಾರೆ. ಬಟ್ಟೆ ಮಾತ್ರ ಇಲ್ಲಿಯದಲ್ಲ. ಹೆಣೆದ ಬಟ್ಟೆಗೆ ದೇಶದ ದೊಡ್ಡ ಕೇಂದ್ರ ತಮಿಳುನಾಡಿನ ತಿರುಪ್ಪೂರು. ಚದರ ಮೀಟರಿಗೆ 180 ಗ್ರಾಂ ತೂಗುವ ಸಾಮಾನ್ಯ ಅಂಗಿಯೂ 240 ಗ್ರಾಮಿನ ದಪ್ಪ, ದೊಗಳೆ ಅಂಗಿಯೂ ಅಲ್ಲಿಂದ ಬರುತ್ತವೆ.

ಟಿ-ಶರ್ಟಿನ ಎದೆಯ ಮೇಲಿನ ಚೌಕ ಸುಮಾರು ಎ3 ಕಾಗದದಷ್ಟು. ಅದರೊಳಗೇ ಚಿತ್ರ ಕೂರಿಸಿದರೆ ಅದು ಹೊತ್ತು ತಿರುಗುವ ಪೋಸ್ಟರ್, ಅಷ್ಟೆ. ಚಿತ್ರ ಮೈಯ ಆಕಾರಕ್ಕೆ ಹೊಂದಿಕೊಂಡಾಗಲೇ ಉಡುಪಾಗುವುದು: ಬೆನ್ನಹುರಿಯ ಉದ್ದಕ್ಕೆ ಸರ್ಪ, ಭುಜದ ಹೊಲಿಗೆ ದಾಟುವ ರೆಕ್ಕೆ, ತೋಳಿನ ಸುತ್ತ ಅಕ್ಷರ. ಅದಕ್ಕೆ ಬಟ್ಟೆಯನ್ನು ಹೊಲಿಯುವ ಮೊದಲೇ ತುಂಡುಗಳಾಗಿ ಕತ್ತರಿಸಿ ಮುದ್ರಿಸಬೇಕು, ಚಿತ್ರಕಾರರು ದರ್ಜಿಯ ಪಕ್ಕ ಕುಳಿತು ಅಳತೆ ನೋಡಬೇಕು. ಮೆಟಲ್ ಅಭಿಮಾನಿಗಳ ತೇಪೆ ಜಾಕೆಟ್ಟು ಇದಕ್ಕೆ ಹಳೆಯ ಮಾದರಿ. ತೋಳು ಕತ್ತರಿಸಿದ ಡೆನಿಮ್ಮಿಗೆ ಮೆಚ್ಚಿನ ತಂಡಗಳ ತೇಪೆಗಳನ್ನು ಕೈಯಾರೆ ಹೊಲಿದುಕೊಂಡ ಆ ಜಾಕೆಟ್ಟಿನಲ್ಲಿ ಚಿತ್ರವನ್ನು ಉಡುಪಾಗಿಸಿದವರು ತೊಡುವವರೇ.

ಈ ಹಾದಿಯಲ್ಲಿ ನಡೆದವರ ಬದುಕು ಬೇರೆಬೇರೆ ತೆರನಾದದ್ದು. ದೆಹಲಿಯ ಆಕಿಬ್ ವಾನಿ ಮೆಟಲ್ ತಂಡದಲ್ಲಿ ನುಡಿಸುತ್ತಿದ್ದವರು, ರಾಕ್ ಸ್ಟ್ರೀಟ್ ಜರ್ನಲ್‌ನಲ್ಲಿ ವಿನ್ಯಾಸದ ಕೆಲಸ ಮಾಡಿದವರು. 2023ರಲ್ಲಿ ಅಡಿಡಾಸ್ ಹೊರತಂದ ಭಾರತ ಕ್ರಿಕೆಟ್ ತಂಡದ ಜೆರ್ಸಿಯ ವಿನ್ಯಾಸ ಅವರದು. ರಾಕ್ ಪೋಸ್ಟರಿನಲ್ಲಿ ಪಳಗಿದ ಕೈ ಕೋಟ್ಯಂತರ ಜನ ನೋಡುವ ಅಂಗಿಯನ್ನು ರೂಪಿಸಿತು. ಗುವಾಹಟಿಯ ಶಾಂತನು ಹಜಾರಿಕಾ 2014ರಲ್ಲಿ ರೆಡ್ ಬುಲ್ ಡೂಡಲ್ ಆರ್ಟ್ ಜಾಗತಿಕ ಸ್ಪರ್ಧೆ ಗೆದ್ದು ಮುಂಬಯಿಗೆ ಬಂದವರು. ಮೆಟಲ್ ಮತ್ತು ಕಾಮಿಕ್ಸಿನ ಛಾಯೆಯ ಅವರ ಒತ್ತೊತ್ತಾದ ಗೆರೆಗಳು ಸಂಗೀತದಿಂದ ಉಡುಪಿನವರೆಗೆ ಹರಡಿವೆ. ಬಾಂದ್ರಾದ ಕಲ್ಚರ್ ಶಾಪ್ ಅನೇಕ ಚಿತ್ರಕಾರರ ಚಿತ್ರಗಳನ್ನು ಕಾಗದದ ಮೇಲೂ ಅಂಗಿಯ ಮೇಲೂ ಮಾರಿದ ಅಂಗಡಿ. ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಜಸ್ ಚರಣ್‌ಜೀವಾ 2012ರ ದೆಹಲಿ ಅತ್ಯಾಚಾರದ ನಂತರ ಬರೆದ, ಮುಷ್ಟಿ ಬಿಗಿದ ಗುಲಾಬಿ ಬಣ್ಣದ ಹೆಣ್ಣಿನ ಚಿತ್ರ ಕೋಪವನ್ನು ಅಂಗಿ ಎಷ್ಟು ದೂರ ಒಯ್ಯಬಲ್ಲದು ಎಂದು ತೋರಿಸಿತು. ವಸ್ತುವಿನಲ್ಲೂ ಎರವಲು ಕಡಿಮೆಯಾಗಿದೆ. ಡೆಮಾನಿಕ್ ರೆಸರೆಕ್ಷನ್ 2017ರಲ್ಲಿ ಇಡೀ ಆಲ್ಬಮ್ಮನ್ನೇ ದಶಾವತಾರದ ಮೇಲೆ ಕಟ್ಟಿತು. ತಲೆಬುರುಡೆಗಾಗಿ ಪರದೇಶದ ಹೊದಿಕೆಗಳನ್ನು ನೋಡಬೇಕಾದ ಅಗತ್ಯ ಕಾಳಿಯ ನಾಡಿಗೆ ಎಂದೂ ಇರಲಿಲ್ಲ.

ಈ ಕಸುಬಿನ ದುರ್ಬಲ ಜಾಗ ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಚಿತ್ರಕ್ಕೆ ರಕ್ಷಣೆ ಕಲಾವಿದರ ಜೀವಿತಕಾಲ ಮತ್ತು ಆಮೇಲೆ 60 ವರ್ಷ. ಹಣ ಪಡೆದು ಬೇರೆಯವರಿಗಾಗಿ ಬರೆದ ಚಿತ್ರದ ಮೊದಲ ಒಡೆತನ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಮಿನಂತೆ ಬರೆಸಿದವರಿಗೇ ಸೇರಬಹುದು. 15ನೇ ಕಲಮು ಇನ್ನೂ ಮುಖ್ಯ. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟದ್ದನ್ನು ಹಕ್ಕುದಾರರೋ ಅವರ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. 2009ರಲ್ಲಿ ಮೈಕ್ರೋಫೈಬರ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಪೀಠೋಪಕರಣದ ಬಟ್ಟೆಗಾಗಿ ರಚಿಸಿದ ಚಿತ್ತಾರಗಳಿಗೆ ಇದನ್ನೇ ಅನ್ವಯಿಸಿತು. ಮೂಲ ಕಲಾಕೃತಿಯ ಹಕ್ಕು ಬೇರೆ, ಅದನ್ನು ವಸ್ತುವಿಗೆ ಅಳವಡಿಸಿದ ವಿನ್ಯಾಸದ ಹಕ್ಕು ಬೇರೆ ಎಂದಿತು. ಅದಕ್ಕೆ ಒಂದು ವರ್ಷ ಮೊದಲು ತಾಹಿಲಿಯಾನಿ ಪ್ರಕರಣದಲ್ಲಿ ಪ್ರತಿಗಳು ಐವತ್ತನ್ನು ದಾಟಿರಲಿಲ್ಲ, ವಿನ್ಯಾಸಕಾರರ ಹಕ್ಕು ಉಳಿಯಿತು. 2025ರ ಏಪ್ರಿಲಿನಲ್ಲಿ ಕ್ರಯೋಗ್ಯಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶುದ್ಧ ಕಲಾಕೃತಿ ಯಾವುದು, ಅದರಿಂದ ಬಂದ ವಿನ್ಯಾಸ ಯಾವುದು ಎಂದು ತೂಗಿನೋಡುವ ಕ್ರಮವನ್ನು ಹೇಳಿತು.

2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಇದೆ. ಆದರೆ ವಿನ್ಯಾಸ ಹೊಸದಾಗಿರಬೇಕು, ಪ್ರಕಟವಾಗುವ ಮೊದಲೇ ಅರ್ಜಿ ಹಾಕಬೇಕು. ಚಿತ್ರ ಮೊದಲು ಪೋಸ್ಟರಾಗಿ ಗೋಡೆಗೆ ಬಂದಿದ್ದರೆ ಆಕ್ಷೇಪಕ್ಕೆ ಎಡೆಯಾಗಬಹುದು. ಆದ್ದರಿಂದ ಯಾವ ಚಿತ್ರ ಅಂಗಿಗೆ ಹೋಗಲಿದೆ ಎಂಬುದನ್ನು ಕಲಾವಿದರು ಪೋಸ್ಟರ್ ಅಚ್ಚಿಗೆ ಹೋಗುವ ಮುನ್ನವೇ ತೀರ್ಮಾನಿಸುವುದು ಲೇಸು. ಸಂಖ್ಯೆ ಹಾಕಿದ, 50ರೊಳಗಿನ ಸಣ್ಣ ಆವೃತ್ತಿಗಳಿಗೆ ಸಂಗ್ರಹಕಾರರ ಬೆಲೆಯ ಜೊತೆ ಕಾನೂನಿನ ಅನುಕೂಲವೂ ಇದೆ. ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು 19ನೇ ಕಲಮು ಭಾವಿಸುತ್ತದೆ. ಕ್ಲಬ್ಬಿಗೋ ತಂಡಕ್ಕೋ ಪೋಸ್ಟರ್ ಬರೆದುಕೊಡುವಾಗ ಕಾಗದದ ಬಳಕೆಗೆ ಇಷ್ಟು, ಬಟ್ಟೆಯ ಬಳಕೆಗೆ ಬೇರೆ, ಮರುಮುದ್ರಣಕ್ಕೆ ಮತ್ತೆ ಪಾಲು ಎಂದು ಮೂರು ಸಾಲು ಬರೆಸಿಕೊಂಡರೆ ಮುಂದಿನ ಜಗಳಗಳಲ್ಲಿ ಬಹುಪಾಲು ಅಲ್ಲಿಗೇ ತಪ್ಪುತ್ತವೆ.